ಇಬ್ಬರೇ ಇದ್ದೀವಿ, ಆಲ್ಬಂ ಆಗುತ್ತಾ?

ಹೋದ ಸಂಚಿಕೆಯ ಈ ಅಂಕಣದಲ್ಲಿ ಬ್ಲ್ಯಾಕ್ ಕೀಸ್ ಎಂಬ ಅಮೆರಿಕದ ರಾಕ್ ಜೋಡಿಯ ಮೊದಲ ಆಲ್ಬಂ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಒಬ್ಬ ಗಿಟಾರ್ ನುಡಿಸುತ್ತಾ ಹಾಡುತ್ತಾನೆ, ಇನ್ನೊಬ್ಬ ಡ್ರಮ್ಸ್ ಬಾರಿಸುತ್ತಾನೆ, ಮೂರನೆಯವನು ಇಲ್ಲ. ಅಷ್ಟು ಬರೆದಿದ್ದಕ್ಕೇ ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆಯಿಂದ ಇಷ್ಟು ಪ್ರಶ್ನೆ ಬರುತ್ತವೆ ಅಂದುಕೊಂಡಿರಲಿಲ್ಲ. ಮನೆಯಲ್ಲೇ ಕೂತು ಹಾಡು ಕಟ್ಟುವ ಜೋಡಿಗಳು ನಮ್ಮ ಕಡೆ ಇಷ್ಟೊಂದು ಇವೆ ಅಂತ ಗೊತ್ತಾಗಿ ತುಂಬಾ ಖುಷಿಯಾಯಿತು. ಈ ಸಲದ ಅಂಕಣ ಪೂರ್ತಿ ಅವರಿಗೇ. ಹೆಸರು ಬೇಡ ಅಂತ ಹಲವರು ಹೇಳಿದ್ದರಿಂದ ಎಲ್ಲರದ್ದೂ ಊರಿನ ಹೆಸರು ಮಾತ್ರ ಹಾಕಿದ್ದೇನೆ.

ಪ್ರಶ್ನೆ: ಸಾರ್, ಆ ಇಬ್ಬರು ನಿಜವಾಗಿ ಮನೆಯ ನೆಲಮಾಳಿಗೆಯಲ್ಲೇ ಆಲ್ಬಂ ಮಾಡಿದರಾ? ಸ್ವಲ್ಪ ವಿವರವಾಗಿ ಹೇಳಿ.
— ಡಿಗ್ರಿ ವಿದ್ಯಾರ್ಥಿ, ಗಂಗಾವತಿ

ಉತ್ತರ: ಹೌದಪ್ಪ, ನೆಲಮಾಳಿಗೆಯಲ್ಲೇ. ಡ್ರಮ್ಸ್ ಬಾರಿಸುವ ಪ್ಯಾಟ್ರಿಕ್ ಕಾರ್ನಿಯ ಮನೆ ಅದು. ಊರು ಓಹಾಯೋ ರಾಜ್ಯದ ಆಕ್ರಾನ್. ಒಂದು ಕಾಲಕ್ಕೆ ಟೈರ್ ಕಂಪನಿಗಳಿಗೆ ಹೆಸರಾಗಿದ್ದ ಊರು, ರಬ್ಬರ್ ನಗರ ಅಂತಲೇ ಕರೆಯುತ್ತಿದ್ದರು. ಆಮೇಲೆ ಒಂದೊಂದೇ ಫ್ಯಾಕ್ಟರಿ ಬಾಗಿಲು ಹಾಕಿತು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದ ಮೇಲೆ ಅದಿರಿನ ಲಾರಿಗಳು ರಸ್ತೆ ಬದಿಯಲ್ಲಿ ಸಾಲಾಗಿ ನಿಂತಿದ್ದನ್ನು ನೋಡಿದವರಿಗೆ ಅಂಥ ಊರು ಹೇಗಿರುತ್ತದೆ ಅಂತ ನಾನು ಹೇಳಬೇಕಾಗಿಲ್ಲ.

ಗಿಟಾರಿನ ಡ್ಯಾನ್ ಆರ್ಬಾಕ್ ಬೇರೆ ಹುಡುಗರ ಜೊತೆ ಸೇರಿ ಒಂದು ಡೆಮೊ, ಅಂದರೆ ಮಾದರಿ ರೆಕಾರ್ಡಿಂಗ್, ಮಾಡಬೇಕು ಅಂತ ಹೊರಟಿದ್ದ. ರೆಕಾರ್ಡಿಂಗ್ ಸಾಮಾನು ಕಾರ್ನಿ ಹತ್ತಿರ ಇತ್ತು. ಹೇಳಿದ ದಿನ ಆ ಹುಡುಗರು ಬರಲೇ ಇಲ್ಲ. ಸರಿ, ಇರೋರು ಇಬ್ಬರೇ ಅಂತ ಇಬ್ಬರೇ ನುಡಿಸಲು ಕೂತರು. ಆ ಡೆಮೊ ಕೇಳಿದ ಅಲೈವ್ ಎಂಬ ಸಣ್ಣ ರೆಕಾರ್ಡ್ ಕಂಪನಿಯವರು ಇವರನ್ನು ಸ್ಟೇಜ್ ಮೇಲೆ ಒಮ್ಮೆಯೂ ನೋಡದೆ ಒಪ್ಪಿಕೊಂಡರು. 2002ರ ಮೇನಲ್ಲಿ 'ದಿ ಬಿಗ್ ಕಮ್ ಅಪ್' ಹೊರಬಂತು. 13 ಹಾಡು. ಕೆಲವು ಸ್ವಂತದ್ದು, ಕೆಲವು ಹಳೆಯ ಬ್ಲೂಸ್.

ಮಷಿನ್ ಎಂಟು ಟ್ರ್ಯಾಕಿನ ಟೇಪ್ ಮಷಿನ್, ಅಂದರೆ ಎಂಟು ದನಿಗಳನ್ನು ಬೇರೆ ಬೇರೆಯಾಗಿ ಹಿಡಿದಿಡುವಂಥದ್ದು. ಇದನ್ನು ಚೆನ್ನಾಗಿ ನೆನಪಿಟ್ಟುಕೊ. ಇವತ್ತು ನಿನ್ನ ಲ್ಯಾಪ್‌ಟಾಪಿನಲ್ಲಿ ನೂರು ಟ್ರ್ಯಾಕ್ ಬೇಕಾದರೂ ಹಾಕಬಹುದು. ಅವರಿಗೆ ಎಂಟೇ. ಡ್ರಮ್ಸಿಗೆ ಎರಡೋ ಮೂರೋ ಕೊಟ್ಟರೆ ಗಿಟಾರಿಗೆ ಎಷ್ಟು, ದನಿಗೆ ಎಷ್ಟು ಅಂತ ಮೊದಲೇ ಲೆಕ್ಕ ಹಾಕಬೇಕು. ಹಾಗಾಗಿ ಬೇಡದ್ದು ಒಳಗೆ ಬರಲು ಜಾಗವೇ ಇರಲಿಲ್ಲ. ಇನ್ನೊಂದು ಮಾತು, ಅವರ ಮೂರನೇ ಆಲ್ಬಂ 2004ರದ್ದು. ಅದನ್ನು ಅದೇ ಊರಿನ ಮುಚ್ಚಿದ ಟೈರ್ ಫ್ಯಾಕ್ಟರಿಯೊಂದರಲ್ಲಿ ರೆಕಾರ್ಡ್ ಮಾಡಿದರು.

ಪ್ರಶ್ನೆ: ನಾವು ಇಬ್ಬರು ಗೆಳೆಯರು. ನಾನು ಗಿಟಾರ್ ಮತ್ತು ಹಾಡು, ಅವನು ಡ್ರಮ್ಸ್. ಒಂಬತ್ತು ಹಾಡು ರೆಡಿ ಇವೆ. ಕೇಳಿದವರೆಲ್ಲ 'ಬೇಸ್ (ದಪ್ಪ ದನಿಯ ಗಿಟಾರ್) ಎಲ್ಲಿ, ಕೀಬೋರ್ಡ್ ಎಲ್ಲಿ, ಖಾಲಿ ಖಾಲಿ ಅನ್ನಿಸುತ್ತೆ' ಅನ್ನುತ್ತಾರೆ. ಸ್ಟುಡಿಯೋ ಇಟ್ಟಿರುವ ಒಬ್ಬರು, ಪಿಟೀಲು, ಕೀಬೋರ್ಡ್ ಎಲ್ಲ ನಾನೇ ತುಂಬಿಸಿ ಕೊಡುತ್ತೇನೆ ಅಂತಿದ್ದಾರೆ. ತುಂಬಿಸೋಣವಾ?
— ಇಬ್ಬರು, ಕೌಲ್‌ಬಜಾರ್, ಬಳ್ಳಾರಿ

ಉತ್ತರ: ಬೇಡ. ದಯವಿಟ್ಟು ಬೇಡ.

ನೀವು ಕಳಿಸಿದ ಮೂರು ಹಾಡುಗಳನ್ನು ಎರಡೆರಡು ಸಲ ಕೇಳಿದೆ. ಖಾಲಿ ಅನ್ನಿಸುವುದು ನಿಜ. ಆದರೆ ಆ ಖಾಲಿ ಜಾಗವೇ ನಿಮ್ಮ ಆಸ್ತಿ. ಅದನ್ನು ಕೀಬೋರ್ಡಿನಿಂದ ತುಂಬಿಸಿದರೆ ಆರ್ಕೆಸ್ಟ್ರಾದವರ ಥರ ಕೇಳಿಸುತ್ತೀರಿ. ನಾನು ಹದಿನೈದು ವರ್ಷ ನಾಟಕಕ್ಕೆ, ಆರ್ಕೆಸ್ಟ್ರಾಗಳಿಗೆ ಸೌಂಡ್ ಹಿಡಿದವನು. ಕಿವಿಗೆ ತುಂಬಿದ್ದು ಜಾಸ್ತಿ ಆದಷ್ಟೂ ಹಾಡುವವನ ಉಸಿರು ಕೇಳಿಸದೆ ಹೋಗುತ್ತದೆ.

ಹುಲಿಗಿಗೆ ಹುಣ್ಣಿಮೆಗೆ ಹೋಗಿದ್ದೀರಾ? ಹೋಗಿಲ್ಲ ಅಂದರೆ ಬಳ್ಳಾರಿಯಿಂದ ರೈಲು ಹತ್ತಿ, ಮುನಿರಾಬಾದಿನಲ್ಲಿ ಇಳಿಯಿರಿ. ಹುಲಿಗೆಮ್ಮನ ಗುಡಿ ಹತ್ತಿರ ಜೋಗತಿಯರು ಚೌಡಿಕೆ ಪದ ಹಾಡುವುದನ್ನು ಪಕ್ಕದಲ್ಲೇ ಕೂತು ಕೇಳಿ. ನಾನು ಒಮ್ಮೆ ಗುಡಿಯ ಹೊರಗಿನ ಕಟ್ಟೆ ಮೇಲೆ ಇಬ್ಬರೇ ಹಾಡುವುದನ್ನು ಕೇಳಿದೆ. ಒಬ್ಬರ ಕಂಕುಳಲ್ಲಿ ಚೌಡಿಕೆ, ಇನ್ನೊಬ್ಬರ ಕೈಯಲ್ಲಿ ಒಂಟಿ ತಂತಿಯ ಶ್ರುತಿ. ಚೌಡಿಕೆ ಅಂದರೆ ಒಂದು ಬದಿಗೆ ಚರ್ಮ, ಆ ಚರ್ಮದಿಂದ ಬಿಗಿದ ಒಂದು ತಂತಿ, ಅದನ್ನು ಮೀಟಿದರೆ ಡೋಲಿನ ಗುಮ್ಮೂ ಬರುತ್ತದೆ, ತಂತಿಯ ನಾದವೂ ಬರುತ್ತದೆ, ಅಂದರೆ ಡ್ರಮ್ಮು ಬೇಸು ಎರಡೂ ಅದರಲ್ಲೇ ಇವೆ. ಮೊದಲಿನವರು ಸಾಲು ಎತ್ತಿ ಕೊನೆಯ ಪದವನ್ನು ಅರ್ಧಕ್ಕೇ ಬಿಟ್ಟರು. ಇನ್ನೊಬ್ಬರು ಆ ಅರ್ಧ ಪದವನ್ನು ಹಿಡಿದು ಎಳೆದರು. ನಡುವೆ ಒಂದು ಸಣ್ಣ ಸಂದು, ಬರೀ ತಂತಿ ಮಾತ್ರ ಝುಂಯ್ ಅನ್ನುವ ಜಾಗ. ಸುತ್ತ ಜಾತ್ರೆಯ ಗದ್ದಲ ಅಷ್ಟಿದ್ದರೂ ಆ ಸಂದಿನಲ್ಲಿ ಕೂತವರೆಲ್ಲ ಸುಮ್ಮನಾಗುತ್ತಿದ್ದರು. ನಿಮ್ಮ ಎರಡನೇ ಹಾಡಿನಲ್ಲಿ ಗಿಟಾರ್ ನಿಂತು ಡ್ರಮ್ಸ್ ಒಂದೇ ಉಳಿಯುತ್ತದಲ್ಲ, ಅಂಥದೇ ಸಂದು ಅದು. ಅಲ್ಲಿಗೆ ಪಿಟೀಲು ತಂದರೆ ಏನು ಉಳಿಯುತ್ತೆ ಹೇಳಿ?

ಹೊರಗಿನ ಉದಾಹರಣೆ ಬೇಕಾ? ಅಮೆರಿಕದ ಡೆಟ್ರಾಯಿಟ್ ಊರಿನ ವೈಟ್ ಸ್ಟ್ರೈಪ್ಸ್ ಜೋಡಿಯನ್ನು ಕೇಳಿ. ಜ್ಯಾಕ್ ವೈಟ್ ಗಿಟಾರ್, ಮೆಗ್ ವೈಟ್ ಡ್ರಮ್ಸ್. ಬ್ಯಾಂಡಿನ ಹೆಸರನ್ನೇ ಇಟ್ಟುಕೊಂಡ ಅವರ ಮೊದಲ ಆಲ್ಬಂ 1999ರಲ್ಲಿ ಬಂತು. ಬ್ಯಾಂಡಿನಲ್ಲಿ ಬೇಸ್ ನುಡಿಸುವವರೇ ಇರಲಿಲ್ಲ. ಒಂದೆರಡು ಹಾಡಿಗೆ ಒಬ್ಬ ಗೆಳೆಯ ಬಂದು ಸ್ಲೈಡ್ ಗಿಟಾರ್ ನುಡಿಸಿದ್ದು ಬಿಟ್ಟರೆ ಹೆಚ್ಚುಕಡಿಮೆ ಎಲ್ಲ ಅವರಿಬ್ಬರದ್ದೇ. 17 ಹಾಡು ಸೇರಿ ಮುಕ್ಕಾಲು ಗಂಟೆಯೂ ಆಗುವುದಿಲ್ಲ. ಮೆಗ್‌ಗೆ ಬಾರಿಸಲು ಬರುವುದಿಲ್ಲ, ತೀರಾ ಸರಳ ಅಂತ ಆಡಿಕೊಂಡವರು ಬಹಳ. ಅವರು ಬಾರಿಸದೆ ಬಿಟ್ಟ ಕಡೆ ಕಿವಿ ಇಡಿ. ಗಿಟಾರ್ ಅಲ್ಲಿಂದಲೇ ನುಗ್ಗುತ್ತದೆ. ಆ ಜಾಗ ಬಿಟ್ಟುಕೊಡುವುದಕ್ಕೆ ದೊಡ್ಡ ಮನಸ್ಸು ಬೇಕು.

ಹಾಗಂತ ಬೇಸಿನಂಥ ದಪ್ಪ ದನಿ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಅದನ್ನು ನಿಮ್ಮಿಬ್ಬರ ಕೈಯಿಂದಲೇ ತೆಗೆಯಿರಿ. ಗಿಟಾರಿನ ದಪ್ಪ ತಂತಿಯನ್ನು ಒಂದು ಸ್ವರ ಇಳಿಸಿ ನೋಡಿ, ಅದೊಂದಕ್ಕೇ ಹಾಡಿಗೆ ತೂಕ ಬರುತ್ತದೆ. ಒಂದೇ ಗಿಟಾರಿನ ವೈರನ್ನು ಎರಡು ಆಂಪ್‌ಗೆ (ದನಿ ಹೆಚ್ಚಿಸುವ ಪೆಟ್ಟಿಗೆಗೆ) ಕೊಡಿ, ಒಂದು ಮಾಮೂಲಿ ಗಿಟಾರ್ ಆಂಪ್, ಇನ್ನೊಂದಕ್ಕೆ ದನಿಯನ್ನು ಒಂದು ಸ್ಥಾಯಿ ಕೆಳಗಿಳಿಸುವ ಆಕ್ಟೇವ್ ಪೆಡಲ್ ಹಾಕಿ ಬೇಸ್ ಆಂಪ್. ಇಂಗ್ಲೆಂಡಿನ ರಾಯಲ್ ಬ್ಲಡ್ ಜೋಡಿ ಇದನ್ನೇ ತಿರುವುಮುರುವು ಮಾಡಿತು. ಅವರಲ್ಲಿ ಗಿಟಾರೇ ಇಲ್ಲ, ಬೇಸ್ ಮತ್ತು ಡ್ರಮ್ಸ್ ಅಷ್ಟೇ, ಬೇಸಿನ ದನಿಯನ್ನೇ ಪೆಡಲ್‌ಗಳಿಂದ ಮೇಲೆ ಏರಿಸಿ ಗಿಟಾರಿನಂತೆ ಗರ್ಜಿಸುತ್ತಾರೆ. 2014ರಲ್ಲಿ ಬಂದ ಅವರ ಮೊದಲ ಆಲ್ಬಂ ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು.

ಡ್ರಮ್ಸ್ ಗೆಳೆಯನಿಗೆ ಒಂದು ಮಾತು. ನೀವು ಸಿಂಬಲ್ (ಡ್ರಮ್ಸಿನ ಲೋಹದ ತಟ್ಟೆ) ಮೇಲೆ ಕೈ ಇಟ್ಟರೆ ತೆಗೆಯುವುದೇ ಇಲ್ಲ. ಆ 'ಛಸ್' ಶಬ್ದ ಹಾಡುವ ದನಿಯ ಮೇಲೇ ಬಂದು ಕೂರುತ್ತದೆ. ಪಲ್ಲವಿ ಬರುವವರೆಗೂ ಟಾಮ್ ಎಂಬ ದೊಡ್ಡ ಡ್ರಮ್ಮಿನ ಮೇಲೆ ಬಾರಿಸಿ, ಪಲ್ಲವಿಗೆ ಸಿಂಬಲ್ ತೆರೆಯಿರಿ. ಆಮೇಲೆ ಇಬ್ಬರೂ ಒಂದೇ ರೂಮಿನಲ್ಲಿ, ಒಬ್ಬರ ಮುಖ ಒಬ್ಬರಿಗೆ ಕಾಣುವ ಹಾಗೆ ಕೂತು, ಒಟ್ಟಿಗೇ ರೆಕಾರ್ಡ್ ಮಾಡಿ. ಇವತ್ತು ಡ್ರಮ್ಸ್, ನಾಳೆ ಗಿಟಾರ್ ಅಂತ ಬೇರೆ ಬೇರೆ ಮಾಡಿದರೆ ಆ ನೋಟ ಹಾಡಿನೊಳಗೆ ಬರುವುದಿಲ್ಲ. ಸ್ಟುಡಿಯೋದವರಿಗೆ ಒಂದು ನಮಸ್ಕಾರ ಹೇಳಿ, ಮೈಕ್ ಸರಿಯಾಗಿ ಇಟ್ಟುಕೊಟ್ಟರೆ ಸಾಕು ಅನ್ನಿ.

ಪ್ರಶ್ನೆ: ಬೇಸಿಗೆಯಲ್ಲಿ ನಮ್ಮ ರಾಯಚೂರಿನಲ್ಲಿ ಫ್ಯಾನ್ ಹಾಕದೆ ಹತ್ತು ನಿಮಿಷ ಕೂರಲು ಆಗಲ್ಲ. ಫ್ಯಾನ್ ಹಾಕಿದರೆ ಮೈಕಿಗೆ ಗಾಳಿ ಶಬ್ದ. ರೂಮೋ ಒಳ್ಳೆ ಡಬ್ಬಿ ಥರ ಗಂಯ್ ಅನ್ನುತ್ತೆ. ಗೋಡೆಗೆ ಶಬ್ದ ಹೀರುವ ಫೋಮ್ ಹಾಕಿಸಲು ದುಡ್ಡಿಲ್ಲ. ಏನು ಮಾಡಲಿ?
— ಓದುಗರು, ರಾಯಚೂರು

ಉತ್ತರ: ನಿಮ್ಮ ಕಷ್ಟ ನನಗೆ ಚೆನ್ನಾಗಿ ಗೊತ್ತು. ನಾನು ಮೊದಲ ಸಲ ಒಬ್ಬರ ದನಿ ರೆಕಾರ್ಡ್ ಮಾಡಿದಾಗ ಪಕ್ಕದ ರೂಮಿನ ಫ್ಯಾನ್ ಕಿರ್ ಕಿರ್ ಅಂತಿದ್ದದ್ದು ಗೊತ್ತೇ ಆಗಲಿಲ್ಲ, ಮಾರನೇ ದಿನ ಹೆಡ್‌ಫೋನ್ ಹಾಕಿ ಕೇಳಿದರೆ ಎಲ್ಲ ಟೇಕಿನಲ್ಲೂ ಅದೇ. ಹಾಡಿದವರನ್ನು ಮತ್ತೆ ಕರೆಸಬೇಕಾಯಿತು.

ಬೆಳಗಿನ ಜಾವ ನಾಲ್ಕರಿಂದ ಏಳರವರೆಗೆ ಕೂರಿ. ತಂಪಿರುತ್ತೆ, ಆಟೋ ಓಡಾಟ ಇರಲ್ಲ. ಫ್ರಿಜ್, ಫ್ಯಾನ್, ಇನ್ವರ್ಟರ್ ಆಫ್ ಮಾಡಿ, ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ಓಡಲಿ. ಗಿಟಾರ್ ಆಂಪಿನ ಗುಂಯ್ ಶಬ್ದ ಹೋಗದಿದ್ದರೆ ಮೊದಲು ಮನೆಯ ಅರ್ಥಿಂಗ್ ನೋಡಿಸಿ. ಎರಡು ಮೂರು ಹಾಡಿಗೊಮ್ಮೆ ಗಿಟಾರ್ ಶ್ರುತಿ ನೋಡಿಕೊಳ್ಳಿ, ಸೆಖೆಗೆ ತಂತಿ ಇಳಿದೇ ಇಳಿಯುತ್ತದೆ.

ಇನ್ನು ಫೋಮ್. ತೆಳು ಫೋಮ್ ದುಡ್ಡು ಕೊಟ್ಟು ತಂದರೂ ಡ್ರಮ್ಸಿನ ಗುಮ್ ಶಬ್ದ ತಡೆಯುವುದಿಲ್ಲ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಎಷ್ಟೋ ಘಟಕಗಳಿವೆ, ಕತ್ತರಿಸಿ ಉಳಿದ ಚಿಂದಿ ಮೂಟೆಗಟ್ಟಲೆ ಬಿದ್ದಿರುತ್ತದೆ. ಹಳೆ ಜೀನ್ಸ್ ಬಟ್ಟೆಯನ್ನು ಅರೆದು ಮಾಡಿದ ಹಾಸನ್ನು ಅಮೆರಿಕದಲ್ಲಿ ಗೋಡೆಯೊಳಗೆ ಹಾಕಲು ಮಾರುತ್ತಾರೆ, ಶಾಖಕ್ಕೂ ಶಬ್ದಕ್ಕೂ ಅದು ತಡೆ. ನಾನು ನನ್ನ ರೂಮಿಗೆ ಮಾಡಿಕೊಂಡಿದ್ದು ಹೀಗೆ: ಎರಡಡಿ ಅಗಲ, ನಾಲ್ಕಡಿ ಎತ್ತರ, ನಾಲ್ಕಿಂಚು ದಪ್ಪದ ಮರದ ಚೌಕಟ್ಟು. ಹಿಂದೆ ಸೊಳ್ಳೆಪರದೆ ಬಟ್ಟೆ ಹೊಡೆದು, ಚಿಂದಿಯನ್ನು ಕೊಡವಿ, ಬಿಸಿಲಿಗೆ ಒಣಗಿಸಿ ತುಂಬಿದೆ. ಒತ್ತಿ ಒತ್ತಿ ತುಂಬಬಾರದು, ಕೈ ಹಾಕಿದರೆ ಒಳಗೆ ಹೋಗುವಷ್ಟು ಸಡಿಲ ಇರಬೇಕು. ಮುಂದೆ ತೆಳು ಕಾಟನ್ ಬಟ್ಟೆ. ಗೋಡೆಗೆ ಅಂಟಿಸದೆ ಎರಡಿಂಚು ಬಿಟ್ಟು ನಿಲ್ಲಿಸಿದರೆ ಇನ್ನೂ ದಪ್ಪನೆಯ ಶಬ್ದವನ್ನೂ ಹೀರುತ್ತದೆ. ಆರು ಚೌಕಟ್ಟು ಸಾಕಾಯಿತು. ಮರ, ಮೊಳೆ, ಬಟ್ಟೆಗೆ ಮಾತ್ರ ಖರ್ಚು. ಹಾಡುವವರ ಹಿಂದೆ ಅಜ್ಜಿ ಹೊಲಿದ ದಪ್ಪ ಕೌದಿ ಎರಡು ನೇತುಹಾಕಿ, ಡಬ್ಬಿ ಶಬ್ದ ಅಲ್ಲೇ ಅರ್ಧ ಇಳಿಯುತ್ತೆ.

ಪ್ರಶ್ನೆ: ಮೊದಲ ಆಲ್ಬಂನಲ್ಲಿ ಎಷ್ಟು ಹಾಡಿರಬೇಕು?
— ಓದುಗರು, ಸಿಂಧನೂರು

ಉತ್ತರ: ಎಂಟೋ ಒಂಬತ್ತೋ. ಅರ್ಧ ಗಂಟೆಯಿಂದ ನಲವತ್ತು ನಿಮಿಷ. ಎರಡೇ ವಾದ್ಯ ಇರುವಾಗ ಒಂದು ಗಂಟೆ ಕೇಳಿಸಿದರೆ ಎಲ್ಲ ಹಾಡೂ ಒಂದೇ ಥರ ಅನ್ನಿಸಲು ಶುರುವಾಗುತ್ತದೆ.

ಪ್ರಶ್ನೆ: ನಮ್ಮ ತಾತ ತತ್ವಪದ ಹಾಡುತ್ತಿದ್ದರು, ಓಣಿಯ ಹಿರಿಯರು ಮೊಹರಂಗೆ ರಿವಾಯತ ಪದ ಹಾಡುತ್ತಾರೆ. ನಮ್ಮ ರಾಕ್ ಆಲ್ಬಂನಲ್ಲಿ ಒಂದು ಶರೀಫರ ಪದ, ಒಂದು ರಿವಾಯತ ಹಾಕಬಹುದಾ? ಕಾಪಿರೈಟ್ ತೊಂದರೆ ಆಗುತ್ತಾ?
— ಓದುಗರು, ಕೊಪ್ಪಳ

ಉತ್ತರ: ಧಾರಾಳವಾಗಿ ಹಾಕಿ. ರಘು ದೀಕ್ಷಿತ್ 2008ರ ತಮ್ಮ ಮೊದಲ ಆಲ್ಬಂನಲ್ಲೇ ಶರೀಫರ ಪದ ಹಾಡಿ ದೇಶದ ಎಲ್ಲ ಕಡೆ ಕೇಳಿಸಿದವರು.

ಆದರೆ ಮಾತು ಬೇರೆ, ರಾಗ ಬೇರೆ. ನಮ್ಮ ಕಾನೂನಿನಲ್ಲಿ ಸಾಹಿತ್ಯಕ್ಕೂ ಸಂಗೀತಕ್ಕೂ ಹಕ್ಕು ಬರೆದವರ ಜೀವಿತಾವಧಿ ಮತ್ತು ಅವರು ತೀರಿಕೊಂಡ ಮೇಲೆ 60 ವರ್ಷ. ಶರೀಫರು ತೀರಿಕೊಂಡಿದ್ದು 1889ರಲ್ಲಿ, ಅವರ ಮಾತು ಎಲ್ಲರದ್ದು. ನೀವು ಚಿಕ್ಕಂದಿನಿಂದ ಕ್ಯಾಸೆಟ್ಟಿನಲ್ಲಿ ಕೇಳಿದ ರಾಗ ಸಿ. ಅಶ್ವತ್ಥ್ ಹಾಕಿದ್ದಾಗಿದ್ದರೆ ಅದು ಎಲ್ಲರದ್ದಲ್ಲ. ಅವರು ತೀರಿಕೊಂಡಿದ್ದು 2009ರ ಡಿಸೆಂಬರಿನಲ್ಲಿ, ಅಂದರೆ ಆ ಸಂಗೀತದ ಹಕ್ಕು 2069ರ ಕೊನೆಯವರೆಗೂ ಇರುತ್ತದೆ. ಅದಕ್ಕೆ ಹಕ್ಕು ಇರುವವರ ಅನುಮತಿ ಬೇಕು. ನಿಮ್ಮ ತಾತ ಹಾಡುತ್ತಿದ್ದ ಮಟ್ಟಿನಲ್ಲೇ ಹಾಡಿದರೆ ಆ ಗೋಜಿಲ್ಲ, ಕೇಳುವವರಿಗೂ ಹೊಸದು.

ರಿವಾಯತ ಪದಕ್ಕೆ ಆ ಹಿರಿಯರ ಹತ್ತಿರ ಹೋಗಿ ಕೂರಿ. ಕೇಳಿ, ಅವರ ಮುಂದೆ ಹಾಡಿ ತೋರಿಸಿ, ಒಪ್ಪಿದ ಮೇಲೆ ಆಲ್ಬಂನಲ್ಲಿ ಯಾರಿಂದ ಕಲಿತಿರಿ ಅಂತ ಹೆಸರು ಹಾಕಿ, ದುಡ್ಡು ಬಂದರೆ ಪಾಲು ಕೊಡಿ. ಕಾನೂನು ಕೇಳದಿದ್ದರೂ ಕೊಡಿ. ಮತ್ತೆ ಒಂದು ಕೋರಿಕೆ. ಹಾಡು ಉದ್ದ ಆಯಿತು ಅಂತ ಕೊನೆಯ ನುಡಿ ಕತ್ತರಿಸಬೇಡಿ. ಅಂಕಿತ ಇರುವುದು ಅಲ್ಲೇ. ಪದ ಕಟ್ಟಿದವರ ಹೆಸರು, ಅವರ ಗುರುವಿನ ಹೆಸರು, ಊರಿನ ಹೆಸರು ಆ ಒಂದು ಸಾಲಿನಲ್ಲಿ ಉಳಿದುಕೊಂಡಿರುತ್ತದೆ.

ಪ್ರಶ್ನೆ: ನನ್ನ ಮಗ ಬಿ.ಕಾಂ. ಮುಗಿಸಿ ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುತ್ತಾನೆ. ರಾತ್ರಿಯೆಲ್ಲ ಗೆಳೆಯನ ಜೊತೆ ಗಿಟಾರು, ಹಾಡು. ಆಲ್ಬಂ ಮಾಡುತ್ತೇವೆ ಅಂತ ಸಂಬಳದ ದುಡ್ಡನ್ನೂ ಅದಕ್ಕೇ ಹಾಕುತ್ತಾನೆ. ಇದರಿಂದ ಹೊಟ್ಟೆ ತುಂಬುತ್ತಾ? ಬಿಡಿಸಲಾ?
— ಒಬ್ಬ ತಾಯಿ, ಸಿರುಗುಪ್ಪ

ಉತ್ತರ: ಅಕ್ಕ, ನಿಮಗೆ ಸುಳ್ಳು ಹೇಳುವುದಿಲ್ಲ. ಮೊದಲ ಆಲ್ಬಂನಿಂದ ಹೊಟ್ಟೆ ತುಂಬುವುದು ಕಷ್ಟ. ಫೋನಿನಲ್ಲಿ ಹಾಡು ಕೇಳುವ ಸ್ಪಾಟಿಫೈ ಆ್ಯಪ್‌ನಲ್ಲಿ 2024ರಿಂದ ಒಂದು ನಿಯಮ ಇದೆ, ಒಂದು ಹಾಡನ್ನು 12 ತಿಂಗಳಲ್ಲಿ 1000 ಸಲವಾದರೂ ಜನ ಕೇಳದಿದ್ದರೆ ಆ ಹಾಡಿಗೆ ದುಡ್ಡೇ ಇಲ್ಲ. ದಾಟಿದರೂ ಬರುವುದು ಚಿಲ್ಲರೆ. ಮೇಲೆ ಹೇಳಿದ ಆಕ್ರಾನಿನ ಇಬ್ಬರೂ ಶುರುವಿನಲ್ಲಿ ಬೇರೆಯವರ ಅಂಗಳದ ಹುಲ್ಲು ಕತ್ತರಿಸುವ ಕೆಲಸ ಮಾಡುತ್ತಿದ್ದರು.

ಆದರೂ ಬಿಡಿಸಬೇಡಿ. ನಿಮ್ಮ ಮಗ ಕೆಲಸ ಬಿಟ್ಟಿಲ್ಲ, ಸಂಬಳ ತರುತ್ತಿದ್ದಾನೆ, ರಾತ್ರಿ ಮನೆಯಲ್ಲೇ ಕಣ್ಣೆದುರಿಗಿದ್ದಾನೆ. ಸಂಬಳದಲ್ಲಿ ಮನೆಗೆ ಇಷ್ಟು, ಹಾಡಿಗೆ ಇಷ್ಟು ಅಂತ ಒಂದು ಮಾತು ಮಾಡಿಕೊಳ್ಳಿ. ಆಮೇಲೆ ಒಂದು ರಾತ್ರಿ ಅವರ ರೂಮಿನಲ್ಲಿ ಕೂತು ಒಂದು ಹಾಡು ಪೂರ್ತಿ ಕೇಳಿ. ಗದ್ದಲ ಅನ್ನಿಸಿದರೆ ಗದ್ದಲ ಅಂತಲೇ ಹೇಳಿ, ಅವನು ಬೇಜಾರು ಮಾಡಿಕೊಳ್ಳಲ್ಲ. ನೀವು ಬಂದು ಕೂತಿರಿ ಅನ್ನೋದು ಅವನಿಗೆ ಬಹಳ ದೊಡ್ಡದು.

ಪ್ರಶ್ನೆ: ಹಾಡು ಬರೆದದ್ದು, ರಾಗ ಹಾಕಿದ್ದು ನನ್ನ ಗೆಳೆಯ. ನಾನು ಬರೀ ಡ್ರಮ್ಸ್. ಆದರೆ ಅರ್ಧ ಹಾಡುಗಳು ನನ್ನ ಬೀಟ್ ಇಂದಲೇ ಹುಟ್ಟಿದ್ದು. ಅಪ್‌ಲೋಡ್ ಮಾಡುವ ಫಾರಂನಲ್ಲಿ ಅವನ ಹೆಸರು ಮಾತ್ರ ಹಾಕಿದ್ದಾನೆ. ಕೇಳಲು ಮುಜುಗರ. ಏನು ಮಾಡಲಿ?
— ಓದುಗರು, ಕುಷ್ಟಗಿ

ಉತ್ತರ: ಇವತ್ತೇ ಕೇಳಿ. ಹಾಡು ಹೊರಬಂದ ಮೇಲೆ ಕೇಳಿದರೆ ಜಗಳ, ಈಗ ಕೇಳಿದರೆ ಮಾತುಕತೆ. 'ಬರೀ ಡ್ರಮ್ಸ್' ಅಂತ ಇನ್ನೊಮ್ಮೆ ಬರೆಯಬೇಡಿ. ಜೋಡಿಯಲ್ಲಿ ನೀವು ಅರ್ಧ.

ಒಂದು ಹಾಡಿನಲ್ಲಿ ಮೂರು ಹಕ್ಕು ಇರುತ್ತವೆ: ಸಾಹಿತ್ಯದ್ದು, ಸಂಗೀತದ್ದು, ರೆಕಾರ್ಡಿಂಗ್‌ದು. ಒಂದು ಹಾಳೆ ತೆಗೆದುಕೊಂಡು ಎಲ್ಲ ಹಾಡಿನ ಹೆಸರು ಬರೆಯಿರಿ. ಒಂದೊಂದರ ಮುಂದೆ ಈ ಮೂರರಲ್ಲಿ ಯಾರದ್ದು ಎಷ್ಟು ಪಾಲು ಅಂತ ಕೂತು ಮಾತಾಡಿ ಬರೆದು, ತಾರೀಖು ಹಾಕಿ, ಇಬ್ಬರೂ ಸಹಿ ಮಾಡಿ ಫೋಟೋ ತೆಗೆದಿಟ್ಟುಕೊಳ್ಳಿ. ನಿಮ್ಮ ಬೀಟ್ ಇಂದ ಹುಟ್ಟಿದ ಹಾಡಿಗೆ ಸಂಗೀತದಲ್ಲೂ ಪಾಲು ಕೇಳಿ. ರೆಕಾರ್ಡಿಂಗ್ ಅಂತೂ ಇಬ್ಬರಿಗೂ ಸಮಪಾಲು ಇರಲಿ, ಇದು ನನ್ನ ಅಭಿಪ್ರಾಯ. ಆಮೇಲೆ ಇಬ್ಬರೂ ಐಪಿಆರ್‌ಎಸ್ ಸದಸ್ಯರಾಗಿ. 1969ರಲ್ಲಿ ಶುರುವಾದ ಈ ಸಂಸ್ಥೆ ಹಾಡು ಬರೆದವರಿಗೆ, ರಾಗ ಹಾಕಿದವರಿಗೆ ಬರಬೇಕಾದ ದುಡ್ಡು ಕೂಡಿಸಿ ಕೊಡುತ್ತದೆ. ಮುಂದೆ ಯಾವುದಾದರೂ ಕಂಪನಿ 'ಎಲ್ಲ ಹಕ್ಕೂ ನಮಗೆ ಬರೆದುಕೊಡಿ' ಅಂದರೂ ಸಾಹಿತ್ಯ, ಸಂಗೀತದ ರಾಯಧನದ ಪಾಲು ನಿಮ್ಮ ಕೈ ತಪ್ಪದ ಹಾಗೆ 2012ರಲ್ಲಿ ಕಾಪಿರೈಟ್ ಕಾಯ್ದೆಗೆ ತಿದ್ದುಪಡಿ ಆಗಿದೆ. ಸಹಿ ಹಾಕುವ ಮುಂಚೆ ಒಬ್ಬ ವಕೀಲರಿಗೆ ತೋರಿಸಿ.

ಪ್ರಶ್ನೆ: ನಮ್ಮ ಮಾತಿನಲ್ಲಿ ಹಾಡಿದರೆ ಬೆಂಗಳೂರಿನವರಿಗೆ ಅರ್ಥ ಆಗಲ್ಲ, ಪುಸ್ತಕದ ಕನ್ನಡದಲ್ಲಿ ಹಾಡಿ ಅಂತ ಗೆಳೆಯರು ಹೇಳುತ್ತಾರೆ. ಒಂದು ಹಾಡು ಕಳಿಸಿದ್ದೇವೆ, ಕೇಳಿ ಹೇಳಿ.
— ಅಣ್ಣ ತಮ್ಮ, ಲಿಂಗಸೂಗೂರು

ಉತ್ತರ: ಕೇಳಿದೆ. ಗಿಟಾರ್ ಬಹಳ ಚೆನ್ನಾಗಿದೆ. ಪಲ್ಲವಿಯಲ್ಲಿ 'ಹೊರಟಿದ್ದೇನೆ ನಾನು' ಅಂತ ಹಾಡಿದ್ದೀರಿ, ಅಲ್ಲೇ ಹಾಡು ಕುಂಟುತ್ತದೆ. ಹೊ-ರ-ಟಿ-ದ್ದೇ-ನೆ. ಐದು ಅಕ್ಷರ, ಅದನ್ನೆಲ್ಲ ಎರಡು ಏಟಿನೊಳಗೆ ತುರುಕಲು ತಮ್ಮ ಒದ್ದಾಡುತ್ತಿರುವುದು ಕೇಳಿಸುತ್ತದೆ. ನೀವು ಮನೆಯಲ್ಲಿ ಹಾಗೆ ಮಾತಾಡುವುದಿಲ್ಲ, ಅಲ್ವಾ? 'ಹೊಂಟೀನಿ ನಾ' ಅನ್ನಿ. 'ಹೊಂ' ಮೇಲೆ ದೊಡ್ಡ ಡ್ರಮ್ಮು, 'ಟೀ' ಮೇಲೆ ಚುರುಕು ದನಿಯ ಸ್ನೇರ್ ಡ್ರಮ್ಮು, 'ನಿ' ಹಗುರವಾಗಿ ಹಾರಿಹೋಗುತ್ತದೆ, ಆಮೇಲೆ 'ನಾ' ಅನ್ನುವುದನ್ನು ಎಷ್ಟು ಬೇಕಾದರೂ ಎಳೆಯಬಹುದು. ನಾನು ಮೇಜಿನ ಮೇಲೆ ಬಡಿದು ನೋಡಿದೆ, ಹಾಡು ತಾನಾಗಿ ನಡೆಯಿತು.

ಇಬ್ಬರೇ ಇರುವ ಬ್ಯಾಂಡಿನಲ್ಲಿ ದನಿ ಮುಚ್ಚಿಕೊಳ್ಳಲು ಜಾಗವಿಲ್ಲ, ಒಂದೊಂದು ಪದವೂ ಹಾಗೇ ಕೇಳುತ್ತದೆ. ಎರವಲು ಪದ ಅಂತೂ ತಕ್ಷಣ ಗೊತ್ತಾಗುತ್ತದೆ. ಇನ್ನು ಬೆಂಗಳೂರಿನವರ ಚಿಂತೆ ಬಿಡಿ, 'ಹೊಂಟೀನಿ' ಅವರಿಗೂ ತಿಳಿಯುತ್ತದೆ. ಎರಡನೇ ನುಡಿಯಲ್ಲಿ ನಿಮ್ಮ ಅವ್ವನ ಮಾತು ಬರುತ್ತದಲ್ಲ, 'ಬುತ್ತಿ ಕಟ್ಟೀನಿ, ತಗೊಂಡು ಹೋಗು' ಅಂತ, ಅದನ್ನು ಮಾತ್ರ ನಿಮ್ಮ ಮಾತಿನಲ್ಲೇ ಬಿಟ್ಟಿದ್ದೀರಿ. ಇಡೀ ಹಾಡಿನಲ್ಲಿ ನಾನು ಮೂರು ಸಲ ಹಿಂದೆ ಹೋಗಿ ಕೇಳಿದ್ದು ಅದೊಂದೇ ಸಾಲು. ಪಲ್ಲವಿಯನ್ನು ಬದಲಿಸಿ, ಮತ್ತೆ ರೆಕಾರ್ಡ್ ಮಾಡಿ ಕಳಿಸಿ. ಕಾಯುತ್ತಿರುತ್ತೇನೆ.